ಪ್ರತಿಕೃತಿ ಸ್ಪೋರ್ಟ್ಸ್ ಕಾರುಗಳ ನಿರ್ಮಾಣ ಗುಣ: ನೋಡುವ ಬಗೆ, ಹೋಲಿಸುವ ಬಗೆ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಕಿಣತ್ತುಕಡವಿನಲ್ಲಿ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಸಾಹಿತ್ಯವನ್ನೋ ಇತಿಹಾಸವನ್ನೋ ಕುರಿತು ಉಪನ್ಯಾಸಗಳು ನಡೆಯುವುದು ವಾಡಿಕೆ. ಈ ಸಭೆಯ ಸಂಘಟಕರು ಮಾತ್ರ ಪ್ರತಿಯೊಬ್ಬ ಹಳೆಯ ವಿದ್ಯಾರ್ಥಿಯೂ ತನ್ನ ಕಸುಬಿನ ಒಂದು ವಿಷಯವನ್ನು ಕನ್ನಡದಲ್ಲಿ ಹೇಳಬೇಕೆಂದು ಅಪೇಕ್ಷಿಸಿದರು. ಎರಕ ಮತ್ತು ಬೆಸುಗೆಗಳ ತಪಾಸಣೆ ನನ್ನ ಕಸುಬು. ನಾನು ಆರಿಸಿಕೊಂಡಿರುವ ವಿಷಯ ಪ್ರತಿಕೃತಿ ಸ್ಪೋರ್ಟ್ಸ್ ಕಾರುಗಳ ನಿರ್ಮಾಣ ಗುಣ. ಕೇಳಿದೊಡನೆ ಇದು ಶ್ರೀಮಂತರ ವಿನೋದದ ವಿಷಯವೆಂದು ತೋರಬಹುದು. ಆದರೆ ನಾವು ಕುಳಿತಿರುವ ಈ ಊರಿಗೆ ಸಮೀಪದಲ್ಲಿಯೇ, ಚೆಟ್ಟಿಪಾಳಯದಲ್ಲಿ, ಕರಿ ಮೋಟಾರ್ ಸ್ಪೀಡ್‌ವೇ ಎಂಬ ಸುಮಾರು 2.1 ಕಿಲೋಮೀಟರ್ ಉದ್ದದ ಓಟದ ಪಥವಿದೆ. ಕೊಯಮತ್ತೂರಿನಿಂದ ಪೊಳ್ಳಾಚಿಯವರೆಗಿನ ಈ ಪ್ರಾಂತದಲ್ಲಿ ಎರಕದ ಮನೆಗಳು, ಲೇತ್ ಶೆಡ್‌ಗಳು, ಫೈಬರ್‌ಗ್ಲಾಸ್ ಅಚ್ಚಿನ ಕೆಲಸದವರು ಎಲ್ಲರೂ ಇದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಕೆಲವರಿಗೆ ಹಳೆಯ ಕಾರೊಂದರ ಮೈ ಬಿಚ್ಚಿ, ಪ್ರಸಿದ್ಧ ಸ್ಪೋರ್ಟ್ಸ್ ಕಾರಿನ ರೂಪವನ್ನು ಅದಕ್ಕೆ ತೊಡಿಸುವ ಹಂಬಲವಿದೆ. "ಯಾವ ತಯಾರಕರ ಪ್ರತಿಕೃತಿ ಒಳ್ಳೆಯದು?" ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಗೆ ಒಂದು ಹೆಸರನ್ನು ಉತ್ತರವಾಗಿ ಕೊಡುವುದು ಸುಲಭ. ಹೋಲಿಸುವುದು ಹೇಗೆಂದು ತಿಳಿಸುವುದು ಅದಕ್ಕಿಂತ ಉಪಯುಕ್ತವೆಂದು ನಾನು ನಂಬಿದ್ದೇನೆ. ಏಕೆಂದರೆ ನೂರು ಕಿಲೋಮೀಟರ್ ವೇಗದಲ್ಲಿ ಒಂದು ಬೆಸುಗೆ ಬಿಟ್ಟುಕೊಂಡರೆ, ಅಲ್ಲಿ ಕಾರಿನ ಅಂದಚಂದ ಯಾವ ನೆರವಿಗೂ ಬರುವುದಿಲ್ಲ.

ಈ ಪ್ರಾಂತದವರಿಗೆ ಹೋಲಿಸುವ ವಿದ್ಯೆ ಹೊಸದೇನೂ ಅಲ್ಲ. ಇಲ್ಲಿನ ದೇವಾಂಗ ನೇಕಾರರ ಹಲವು ಮನೆಗಳಲ್ಲಿ ಇಂದಿಗೂ ಕನ್ನಡದ ಮಾತಿದೆ. ಆ ಮನೆಗಳ ಹಿರಿಯರ ಕೈಗೆ ಒಂದು ಸೀರೆಯನ್ನು ಕೊಟ್ಟರೆ, ಅವರು ಅದರ ಸೆರಗಿನ ಮುಖವನ್ನು ನೋಡುವುದಕ್ಕೆ ಮೊದಲು ಬಟ್ಟೆಯನ್ನು ತಿರುವಿ ಹಿಂಬದಿಯನ್ನು ನೋಡುತ್ತಾರೆ. ಎಳೆ ಎಲ್ಲಿ ತುಂಡಾಗಿದೆ, ಅಂಚು ಮೈಗೆ ಹೇಗೆ ಸೇರಿದೆ, ಜರಿ ಎಲ್ಲಿ ಜೋತುಬಿದ್ದಿದೆ ಎಂಬುದೆಲ್ಲ ಹಿಂಬದಿಯಲ್ಲಿ ಬಯಲಾಗುತ್ತದೆ. ಕಾರನ್ನು ನೋಡುವ ಬಗೆಯೂ ಇದೇ. "ಮೇಲೆ ತಳುಕು, ಒಳಗೆ ಹುಳುಕು" ಎಂಬ ನಮ್ಮ ಗಾದೆ ಪ್ರತಿಕೃತಿ ಕಾರುಗಳ ಲೋಕಕ್ಕೆ ಹೇಳಿ ಮಾಡಿಸಿದಂತಿದೆ.

ಮೊದಲು ಪ್ರತಿಕೃತಿ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಂದೇ ಹೆಸರಿನ ಅಡಿಯಲ್ಲಿ ನಾಲ್ಕು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಅವುಗಳನ್ನು ಬೆರೆಸಿ ಹೋಲಿಸಿದರೆ ತೀರ್ಮಾನ ತಪ್ಪುತ್ತದೆ.

ಮೊದಲನೆಯದು, ಮೂಲ ತಯಾರಕರಿಂದ ಹಕ್ಕನ್ನು ಪಡೆದು ಅದೇ ಕಾರನ್ನು ಮುಂದುವರಿಸುವುದು. ಇಂಗ್ಲೆಂಡಿನ ಕಾಲಿನ್ ಚಾಪ್ಮನ್ ಅವರ ಲೋಟಸ್ ಸಂಸ್ಥೆ 1957ರಲ್ಲಿ ಸೆವೆನ್ ಎಂಬ ಹಗುರವಾದ ಕಾರನ್ನು ಹೊರತಂದಿತು. ಬಾಗಿಲಿಲ್ಲ, ಸೂರಿಲ್ಲ, ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಅಲ್ಯೂಮಿನಿಯಂ ತಗಡು. 1973ರಲ್ಲಿ ಕೇಟರ್‌ಹ್ಯಾಮ್ ಸಂಸ್ಥೆ ಅದರ ಹಕ್ಕನ್ನು ಕೊಂಡು ತಯಾರಿಕೆಯನ್ನು ಮುಂದುವರಿಸಿತು. ಇದನ್ನು ಪ್ರತಿಕೃತಿ ಎನ್ನುವುದಕ್ಕಿಂತ ಸಂತತಿ ಎನ್ನುವುದು ಹೆಚ್ಚು ಸರಿ.

ಎರಡನೆಯದು, ಮೂಲ ಕಾರಿನ ಲೋಹವನ್ನೂ ವಿಧಾನವನ್ನೂ ಅನುಸರಿಸಿ ಹೊಸದಾಗಿ ಕಟ್ಟುವುದು. ಅಮೆರಿಕದ ಕ್ಯಾರೊಲ್ ಶೆಲ್ಬಿ 1962ರಲ್ಲಿ ಇಂಗ್ಲೆಂಡಿನ ಎ.ಸಿ. ಕಾರ್ಸ್ ಸಂಸ್ಥೆಯ ಹಗುರವಾದ ಏಸ್ ಕಾರಿಗೆ ಫೋರ್ಡ್ ಕಂಪನಿಯ ವಿ-8 ಎಂಜಿನ್ನನ್ನು ಕೂರಿಸಿ ಕೋಬ್ರಾ ಎಂಬ ಕಾರನ್ನು ರೂಪಿಸಿದರು. ಆ ಕಾಲದಲ್ಲಿ ತಯಾರಾದ ಕೋಬ್ರಾಗಳು ಸುಮಾರು ಒಂದು ಸಾವಿರ ಮಾತ್ರ. ಇಂದು ಜಗತ್ತಿನ ರಸ್ತೆಗಳಲ್ಲಿ ಕಾಣುವ ಕೋಬ್ರಾಗಳಲ್ಲಿ ಬಹುಪಾಲು ಪ್ರತಿಕೃತಿಗಳೇ. ಅಮೆರಿಕದ ಯೂಟಾ ಸಂಸ್ಥಾನದ ಕಿರ್ಕ್‌ಹ್ಯಾಮ್ ಸಂಸ್ಥೆ ಮೂಲದಂತೆಯೇ ಅಲ್ಯೂಮಿನಿಯಂ ಮೈಯ ಕೋಬ್ರಾಗಳನ್ನು ಮಾಡಿಸಿತು. ಅದಕ್ಕಾಗಿ ಅದು ಆರಿಸಿಕೊಂಡದ್ದು ಪೋಲೆಂಡಿನ ಮಿಯೆಲೆಟ್ಸ್ ಎಂಬ ಊರನ್ನು. ಅಲ್ಲಿ ಹಿಂದೆ ಮಿಗ್ ಯುದ್ಧವಿಮಾನಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯಿತ್ತು. ತಗಡನ್ನು ಬಡಿದು ಬಾಗಿಸುವ ಕೈಗಳಿದ್ದವು.

ಮೂರನೆಯದು, ಹೊರರೂಪ ಹಳೆಯದು, ಒಳಗಿನ ಹಂದರ ಹೊಸ ವಿನ್ಯಾಸದ್ದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1995ರಲ್ಲಿ ಆರಂಭವಾದ ಫ್ಯಾಕ್ಟರಿ ಫೈವ್ ಸಂಸ್ಥೆ ತಾನೇ ವಿನ್ಯಾಸಗೊಳಿಸಿದ ಕೊಳವೆ ಹಂದರ ಮತ್ತು ಫೈಬರ್‌ಗ್ಲಾಸ್ ಮೈಯನ್ನು ಕೊಳ್ಳುವವರಿಗೆ ಬಿಡಿಭಾಗಗಳಾಗಿ ಕಳುಹಿಸಿತು. ಎಂಜಿನ್, ಗೇರ್‌ಪೆಟ್ಟಿಗೆ, ಬ್ರೇಕುಗಳಿಗಾಗಿ ಹಳೆಯ ಫೋರ್ಡ್ ಮಸ್ಟ್ಯಾಂಗ್ ಒಂದನ್ನು ಬಿಚ್ಚಿಕೊಳ್ಳಬೇಕು. ಇಂತಹ ಕಾರನ್ನು ಆ ಕಸುಬಿನವರು 'ದಾನಿ' ಎನ್ನುತ್ತಾರೆ. ದಕ್ಷಿಣ ಆಫ್ರಿಕದಲ್ಲಿ 2021ರವರೆಗೆ ಪೋರ್ಟ್ ಎಲಿಜಬೆತ್ ಎನಿಸಿದ್ದ ನಗರದಲ್ಲಿ ತಯಾರಾಗುವ ಸೂಪರ್‌ಫಾರ್ಮನ್ಸ್ ಕೋಬ್ರಾಗಳು ಇದಕ್ಕಿಂತ ಭಿನ್ನ. ಅವು ಬಣ್ಣ, ಆಸನ, ವೈರಿಂಗ್ ಸಮೇತ ಪೂರ್ತಿಯಾಗಿ, ಎಂಜಿನ್ ಮತ್ತು ಗೇರ್‌ಪೆಟ್ಟಿಗೆ ಮಾತ್ರ ಇಲ್ಲದೆ, ಕಾರ್ಖಾನೆಯಿಂದ ಹೊರಬರುತ್ತವೆ.

ನಾಲ್ಕನೆಯದು, ಬೇರೊಂದು ಕಾರಿನ ತಳದ ಮೇಲೆ ಪ್ರಸಿದ್ಧ ಕಾರಿನ ಮೈಯನ್ನು ಹೊದಿಸುವುದು. ಪೋರ್ಶೆ 356 ಸ್ಪೀಡ್‌ಸ್ಟರ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ತಳವನ್ನು ತೆಗೆದುಕೊಂಡು ಅದರ ಮೇಲೆ ಸ್ಪೀಡ್‌ಸ್ಟರ್‌ನ ಫೈಬರ್‌ಗ್ಲಾಸ್ ಮೈಯನ್ನು ಕೂರಿಸುತ್ತಾರೆ. ಇದನ್ನು ಕೇವಲ ಅಣಕವೆಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಮೂಲ 356 ಕಾರೇ 1948ರಲ್ಲಿ ಬೀಟಲ್‌ನ ಭಾಗಗಳನ್ನು ಎರವಲು ಪಡೆದು ಹುಟ್ಟಿದ್ದು.

ಈಗ ಹೋಲಿಕೆಯ ಅಳತೆಗೋಲುಗಳಿಗೆ ಬರೋಣ. ನನ್ನ ದೃಷ್ಟಿಯಲ್ಲಿ ಅವು ಐದು.

ಮೊದಲ ಅಳತೆಗೋಲು ಹಂದರ, ಅಂದರೆ ಚಾಸಿಸ್. ಈಗ ಹೇಳಿದ ಸ್ಪೀಡ್‌ಸ್ಟರ್‌ನನ್ನೇ ತೆಗೆದುಕೊಳ್ಳೋಣ. ಬೀಟಲ್‌ನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 2400 ಮಿಲಿಮೀಟರ್. ಸ್ಪೀಡ್‌ಸ್ಟರ್‌ನಲ್ಲಿ ಅದು 2100 ಮಿಲಿಮೀಟರ್. ಆದುದರಿಂದ ಪ್ರತಿಕೃತಿ ಮಾಡುವವರು ಬೀಟಲ್‌ನ ತಳವನ್ನು ಅಡ್ಡಲಾಗಿ ಕತ್ತರಿಸಿ, ಸುಮಾರು 30 ಸೆಂಟಿಮೀಟರ್ ತೆಗೆದು, ಉಳಿದ ಎರಡು ತುಂಡುಗಳನ್ನು ಮತ್ತೆ ಬೆಸೆಯಬೇಕು. ಆ ಬೆಸುಗೆಯ ಗೆರೆ ಸರಿಯಾಗಿ ಚಾಲಕನ ಆಸನದ ಬಳಿಯಲ್ಲಿ ಹಾಯುತ್ತದೆ. ಎರಡು ತುಂಡುಗಳು ಕೂದಲೆಳೆಯಷ್ಟು ಓರೆಯಾದರೂ ಕಾರು ಏಡಿಯಂತೆ ಸೊಟ್ಟಗೆ ಓಡುತ್ತದೆ, ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತವೆ. ಬೆಸುಗೆಯ ಬೇರು ಲೋಹದೊಳಗೆ ಇಳಿಯದಿದ್ದರೆ ಅದು ಎಂದಾದರೊಂದು ದಿನ ಬಿರಿಯುತ್ತದೆ. ಈ ದೌರ್ಬಲ್ಯವನ್ನು ಅರಿತ ತಯಾರಕರು ಬೀಟಲ್‌ನ ತಳವನ್ನೇ ಬಿಟ್ಟು ತಮ್ಮದೇ ಉಕ್ಕಿನ ಕೊಳವೆ ಹಂದರಕ್ಕೆ ಹೋದರು. ಇಟಲಿಯ ಟುರಿನ್‌ನಲ್ಲಿ 1959ರಲ್ಲಿ ಆರಂಭವಾಗಿ ಮುಂದೆ ಕೆನಡಾದ ವ್ಯಾಂಕೂವರ್‌ನಲ್ಲಿ ನೆಲೆಯೂರಿದ ಇಂಟರ್‌ಮೆಕ್ಯಾನಿಕಾ ಅಂತಹವುಗಳಲ್ಲಿ ಒಂದು. ಎರಡೂ ಕಾರುಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ದಾರಿಹೋಕನಿಗೆ ವ್ಯತ್ಯಾಸ ತಿಳಿಯದು. ಹಂದರದ ದೃಷ್ಟಿಯಿಂದ ಅವೆರಡೂ ಬೇರೆ ಬೇರೆ ವಾಹನಗಳು.

ಹಂದರ ಗಟ್ಟಿಯೋ ಅಲ್ಲವೋ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಅದನ್ನು ತಿರುಚಿ ಅಳೆಯುತ್ತಾರೆ. ಕೊಳ್ಳುವವನಿಗೆ ಒಂದು ಜ್ಯಾಕ್ ಇದ್ದರೂ ಒಂದಿಷ್ಟು ತಿಳಿಯುತ್ತದೆ. ಸಮತಟ್ಟಾದ ನೆಲದಲ್ಲಿ ಕಾರಿನ ಮುಂದಿನ ಒಂದು ಮೂಲೆಯನ್ನು ಮಾತ್ರ ಮೆಲ್ಲಗೆ ಎತ್ತಿ, ಬಾಗಿಲನ್ನು ತೆರೆದು ಮುಚ್ಚಿ ನೋಡಿರಿ. ಬಾಗಿಲು ಮೊದಲಿನಂತೆಯೇ ಕೂತರೆ ಹಂದರ ತನ್ನ ಕೆಲಸವನ್ನು ಮಾಡುತ್ತಿದೆ. ಬಾಗಿಲು ಕಚ್ಚಿಕೊಂಡರೆ, ಸಂದಿನ ಅಗಲ ಕಣ್ಣಿಗೆ ಕಾಣುವಷ್ಟು ಬದಲಾದರೆ, ಹಂದರ ತಿರುಚಿಕೊಳ್ಳುತ್ತಿದೆ ಎಂದರ್ಥ. ಸೂರಿಲ್ಲದ ಕಾರಿನಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಸಾಮಾನ್ಯ ಕಾರಿನಲ್ಲಿ ಸೂರು ಮೈಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಇಲ್ಲಿ ಆ ಆಸರೆಯಿಲ್ಲ.

ಬೆಸುಗೆಯ ಬಗ್ಗೆ ಒಂದು ಮಾತು. ಕೊಯಮತ್ತೂರಿನ ಎರಕದ ಮನೆಗಳಲ್ಲಿ ಕೆಲಸ ಮಾಡಿದವರಿಗೆ ಕೆಂಪು ಬಣ್ಣದ ಪರೀಕ್ಷೆ ಗೊತ್ತು. ಲೋಹದ ಮೇಲೆ ಕೆಂಪು ದ್ರವವನ್ನು ಸವರಿ, ಒರೆಸಿ, ಬಿಳಿಯ ಪುಡಿಯನ್ನು ಸಿಂಪಡಿಸಿದರೆ, ಕಣ್ಣಿಗೆ ಕಾಣದ ಬಿರುಕಿನಿಂದ ಕೆಂಪು ಗೆರೆ ಮೇಲಕ್ಕೆ ಬರುತ್ತದೆ. ಈ ಪರೀಕ್ಷೆಗೆ ಬರಿಯ ಲೋಹ ಬೇಕು. ಆದುದರಿಂದ ಹಂದರಕ್ಕೆ ದಪ್ಪನೆಯ ಪೌಡರ್ ಕೋಟಿಂಗ್ ಮಾಡಿದ ಮೇಲೆ ತೋರಿಸುವ ತಯಾರಕನಿಗಿಂತ, ಬಣ್ಣಕ್ಕೆ ಮುಂಚಿನ ಹಂದರವನ್ನು ತೋರಿಸಲು ಒಪ್ಪುವ ತಯಾರಕ ಹೆಚ್ಚು ನಂಬಿಕೆಗೆ ಅರ್ಹ. ಕೊಳವೆಯ ಒಳಗೆ ನೀರು ನಿಂತರೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಕೊಳವೆಗಳ ತುದಿಗಳು ಪೂರ್ತಿ ಮುಚ್ಚಿವೆಯೇ, ಇಲ್ಲವಾದರೆ ನೀರು ಹರಿದುಹೋಗಲು ತೂತುಗಳಿವೆಯೇ ಎಂದು ಕೇಳಿರಿ.

ಎರಡನೆಯ ಅಳತೆಗೋಲು ಮೈ. ಫೈಬರ್‌ಗ್ಲಾಸ್ ಎಂದರೆ ಅಗ್ಗ, ಅಲ್ಯೂಮಿನಿಯಂ ಎಂದರೆ ಶ್ರೇಷ್ಠ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಅಮೆರಿಕದ ಶೆವ್ರೊಲೆ ಕಾರ್ವೆಟ್ 1953ರಲ್ಲಿ ಫೈಬರ್‌ಗ್ಲಾಸ್ ಮೈಯಿಂದಲೇ ಹೊರಬಂತು. 1957ರಲ್ಲಿ ಪ್ರದರ್ಶನಗೊಂಡ ಲೋಟಸ್ ಎಲೀಟ್ ಕಾರಿನಲ್ಲಿ ಮೈಯೂ ಹಂದರವೂ ಬಹುಮಟ್ಟಿಗೆ ಫೈಬರ್‌ಗ್ಲಾಸೇ ಆಗಿತ್ತು. ವಸ್ತುವಿಗಿಂತ ಅದನ್ನು ಬಳಸಿದ ಕೈ ಮುಖ್ಯ.

ಅಚ್ಚಿನೊಳಗೆ ಮೊದಲು ಜೆಲ್ ಕೋಟ್ ಎಂಬ ಹೊರಪದರವನ್ನು ಹಚ್ಚಿ, ಅದರ ಮೇಲೆ ಗಾಜಿನ ನಾರಿನ ಚಾಪೆಯನ್ನು ಹಾಸಿ, ರೆಸಿನ್ ಕುಡಿಸಿ, ಉರುಳೆಯಿಂದ ಒತ್ತಿ ಗಾಳಿಯನ್ನು ಹೊರಡಿಸಬೇಕು. ಗಾಳಿಯ ಗುಳ್ಳೆ ಉಳಿದರೆ ಆ ಸ್ಥಳ ಟೊಳ್ಳು. ನಾರು ಕಡಮೆಯಾಗಿ ರೆಸಿನ್ ಹೆಚ್ಚಾದರೆ ಮೈ ಪೆಡಸಾಗಿ ಒಡೆಯುತ್ತದೆ. ಅವಸರದಲ್ಲಿ ಅಚ್ಚಿನಿಂದ ಬೇಗ ಬಿಡಿಸಿದರೆ ಮೈ ಸೊಟ್ಟಗಾಗುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಇನ್ನೊಂದು ಸಂಗತಿಯೂ ಇದೆ. ರೆಸಿನ್ ಪೂರ್ತಿ ಗಟ್ಟಿಯಾಗುವ ಮುನ್ನವೇ ಬಣ್ಣ ಹೊಡೆದ ಕಾರು ಅಂಗಡಿಯ ನೆರಳಿನಲ್ಲಿ ಕನ್ನಡಿಯಂತೆ ಕಾಣುತ್ತದೆ. ಎರಡು ಬೇಸಿಗೆಗಳು ಕಳೆದ ಮೇಲೆ, ವಿಶೇಷವಾಗಿ ಕಪ್ಪು ಅಥವಾ ಗಾಢ ಬಣ್ಣದ ಕಾರಿನಲ್ಲಿ, ಒಳಗಿನ ನಾರಿನ ನೇಯ್ಗೆ ಬಣ್ಣದ ಮೇಲೆ ಮೂಡಿಬರುತ್ತದೆ. ಆದುದರಿಂದ ಹೊಸ ಕಾರನ್ನು ನೋಡಿ ಮೆಚ್ಚುವುದಕ್ಕಿಂತ, ಅದೇ ತಯಾರಕನ ಐದಾರು ವರ್ಷ ಹಳೆಯ ಕಾರನ್ನು ಹಗಲು ಬೆಳಕಿನಲ್ಲಿ ನೋಡುವುದು ಉತ್ತಮ. ಬಾಗಿಲಿನ ಕೀಲು, ಬಾನೆಟ್ಟಿನ ಬೀಗ, ಬಂಪರಿನ ಬೋಲ್ಟುಗಳ ಸುತ್ತ ನಕ್ಷತ್ರದಂತೆ ಹರಡಿದ ಬಿರುಕುಗಳಿವೆಯೇ ಎಂದು ಗಮನಿಸಬೇಕು. ಒಳಗೆ ಉಕ್ಕಿನ ಪಟ್ಟಿಯನ್ನು ಹುದುಗಿಸಿ ಭಾರವನ್ನು ಹರಡಿದ ಕಡೆ ಇಂತಹ ಬಿರುಕುಗಳು ಅಪರೂಪ.

ಇಲ್ಲಿಯೇ ಕೇಟರ್‌ಹ್ಯಾಮ್ ಮತ್ತು ವೆಸ್ಟ್‌ಫೀಲ್ಡ್ ಎಂಬ ಎರಡು ಇಂಗ್ಲಿಷ್ ತಯಾರಕರ ಹೋಲಿಕೆ ಬೋಧಪ್ರದ. ವೆಸ್ಟ್‌ಫೀಲ್ಡ್ 1980ರ ದಶಕದಲ್ಲಿ ಸೆವೆನ್ ಕಾರನ್ನು ಹೋಲುವ ಕಾರುಗಳನ್ನು ಮಾಡತೊಡಗಿದಾಗ ಕೇಟರ್‌ಹ್ಯಾಮ್ ಕಾನೂನಿನ ಮೊರೆಹೋಯಿತು. ಪ್ರಕರಣ ನ್ಯಾಯಾಲಯದ ಹೊರಗೆ ಇತ್ಯರ್ಥವಾಗಿ, ವೆಸ್ಟ್‌ಫೀಲ್ಡ್ ತನ್ನ ವಿನ್ಯಾಸವನ್ನು ಬದಲಿಸಿತು. ಮುಂದೆ ಕೇಟರ್‌ಹ್ಯಾಮ್ ಅಲ್ಯೂಮಿನಿಯಂ ತಗಡಿನಲ್ಲಿ ಉಳಿಯಿತು; ವೆಸ್ಟ್‌ಫೀಲ್ಡ್ ಫೈಬರ್‌ಗ್ಲಾಸ್ ಮೈಯನ್ನು ಆರಿಸಿಕೊಂಡಿತು. ಅಲ್ಯೂಮಿನಿಯಂ ಸಣ್ಣ ಪೆಟ್ಟಿಗೂ ತಗ್ಗಾಗುತ್ತದೆ, ಆದರೆ ನುರಿತ ತಗಡಿನ ಕೆಲಸಗಾರ ಅದನ್ನು ತಿದ್ದಬಲ್ಲ. ಫೈಬರ್‌ಗ್ಲಾಸ್ ಸಣ್ಣ ಪೆಟ್ಟನ್ನು ತಾಳುತ್ತದೆ, ದೊಡ್ಡ ಪೆಟ್ಟಿಗೆ ಒಡೆಯುತ್ತದೆ. ಅದನ್ನು ಹಳ್ಳಿಯ ಶೆಡ್ಡಿನಲ್ಲಿಯೂ ತೇಪೆ ಹಾಕಬಹುದು. ಇವೆರಡರಲ್ಲಿ ಯಾವುದು ಮೇಲು ಎಂಬುದು ಕಾರು ಎಲ್ಲಿ ಓಡುತ್ತದೆ, ಅದನ್ನು ಯಾರು ದುರಸ್ತಿ ಮಾಡುತ್ತಾರೆ ಎಂಬುದನ್ನು ಅವಲಂಬಿಸಿದೆ.

ಮೂರನೆಯ ಅಳತೆಗೋಲು ಶಕ್ತಿಗೂ ಬ್ರೇಕಿಗೂ ಇರುವ ಹೊಂದಾಣಿಕೆ. ದಾನಿ ಕಾರಿನ ಬ್ರೇಕುಗಳು ದಾನಿ ಕಾರಿನ ತೂಕಕ್ಕೆ, ಅದರ ವೇಗಕ್ಕೆ ಹೊಂದುವಂತೆ ಮಾಡಿದವು. ಹಗುರವಾದ ಮೈ ತೊಡಿಸಿದಾಗ ತೂಕ ಕಡಮೆಯಾಗುತ್ತದೆ ನಿಜ. ಆದರೆ ಮುಂದಿನ ಗಾಲಿಗಳ ಮೇಲೆ ಎಷ್ಟು, ಹಿಂದಿನ ಗಾಲಿಗಳ ಮೇಲೆ ಎಷ್ಟು ಎಂಬ ಪಾಲೂ ಬದಲಾಗುತ್ತದೆ. ಆಗ ಹಿಂದಿನ ಗಾಲಿಗಳು ಮೊದಲು ಕಚ್ಚಿಕೊಂಡು ಕಾರು ಗಿರ್ರನೆ ತಿರುಗುವ ಅಪಾಯವಿದೆ. ಒಳ್ಳೆಯ ತಯಾರಕರು ನಾಲ್ಕು ಗಾಲಿಗಳ ಭಾರವನ್ನೂ ಬೇರೆ ಬೇರೆಯಾಗಿ ತೂಗಿ, ಸ್ಪ್ರಿಂಗುಗಳನ್ನೂ ಬ್ರೇಕಿನ ಸಮತೋಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ. "ನಾಲ್ಕು ಗಾಲಿಗಳ ತೂಕದ ಚೀಟಿ ಇದೆಯೇ?" ಎಂಬ ಒಂದೇ ಪ್ರಶ್ನೆಯಿಂದ ತಯಾರಕನ ಶಿಸ್ತು ಎಷ್ಟೆಂದು ತಿಳಿದುಬಿಡುತ್ತದೆ.

ನಾಲ್ಕನೆಯದು ಕಣ್ಣಿಗೆ ಬೀಳದ ಸಣ್ಣ ಕೆಲಸಗಳು: ವೈರಿಂಗ್, ಬ್ರೇಕಿನ ಕೊಳವೆ, ಪೆಟ್ರೋಲ್ ಪೈಪು, ನಟ್ಟು ಬೋಲ್ಟು. ಉಕ್ಕಿನ ಮೈಯ ಕಾರಿನಲ್ಲಿ ಮೈಯೇ ವಿದ್ಯುತ್ತಿನ ಮರಳುದಾರಿ. ದೀಪಕ್ಕೆ ಒಂದು ತಂತಿ ಕೊಟ್ಟರೆ ಸಾಕು, ಉಳಿದುದನ್ನು ಲೋಹ ನೋಡಿಕೊಳ್ಳುತ್ತದೆ. ಫೈಬರ್‌ಗ್ಲಾಸ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದುದರಿಂದ ಪ್ರತಿಯೊಂದು ದೀಪಕ್ಕೂ ಪ್ರತಿಯೊಂದು ಮೋಟಾರಿಗೂ ಪ್ರತ್ಯೇಕವಾಗಿ ಅರ್ತ್ ತಂತಿಯನ್ನು ಎಳೆಯಬೇಕು. ಅಗ್ಗದ ಪ್ರತಿಕೃತಿಗಳಲ್ಲಿ ದೀಪಗಳು ಮಿಣುಕುವುದಕ್ಕೂ, ಮಳೆಗಾಲದಲ್ಲಿ ವೈಪರು ನಿಲ್ಲುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ತಂತಿ ತಗಡನ್ನು ತೂರಿಹೋಗುವ ಕಡೆ ರಬ್ಬರಿನ ಉಂಗುರವಿದೆಯೇ, ಪೆಟ್ರೋಲ್ ಪೈಪು ಸೈಲೆನ್ಸರ್ ಕೊಳವೆಗೆ ಎಷ್ಟು ದೂರ, ಬ್ರೇಕಿನ ಕೊಳವೆಯನ್ನು ಗೇಣಿಗೊಂದರಂತೆ ಬಿಗಿದಿದೆಯೇ ಎಂಬುದನ್ನು ಕಾರಿನಡಿ ಮಲಗಿ ಟಾರ್ಚು ಹಿಡಿದು ನೋಡಬೇಕು. ಇದೇ ನಮ್ಮ ನೇಕಾರರು ನೋಡುವ ಸೀರೆಯ ಹಿಂಬದಿ.

ಐದನೆಯದು, ಎರಡನೆಯ ಕಾರು ಮೊದಲನೆಯದರಂತೆಯೇ ಇದೆಯೇ ಎಂಬುದು. ಒಂದು ಕಾರನ್ನು ಆರು ತಿಂಗಳು ತಿದ್ದಿ ತೀಡಿ ಪ್ರದರ್ಶನಕ್ಕೆ ನಿಲ್ಲಿಸುವುದು ಹಲವರಿಗೆ ಸಾಧ್ಯ. ಇಪ್ಪತ್ತನೆಯ ಕಾರಿನ ಬಾಗಿಲನ್ನು ಬಿಚ್ಚಿ ಇಪ್ಪತ್ತೊಂದನೆಯದಕ್ಕೆ ಹಾಕಿದರೆ ಕೂರುವಂತೆ ಮಾಡುವುದು ಕಷ್ಟ. ಅದಕ್ಕೆ ಜಿಗ್ ಬೇಕು, ಅಂದರೆ ಬೆಸುಗೆ ಹಾಕುವಾಗ ಕೊಳವೆಗಳನ್ನು ಒಂದೇ ಅಳತೆಯಲ್ಲಿ ಹಿಡಿದಿಡುವ ಗಟ್ಟಿ ಚೌಕಟ್ಟು. ಅಳತೆಯ ದಾಖಲೆ ಬೇಕು. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಪಟ್ಟಿ ಬೇಕು. ಲೋಟಸ್ ಸೆವೆನ್‌ನ ಹಂದರವನ್ನೂ ಅನಂತರ ಕೇಟರ್‌ಹ್ಯಾಮ್ ಹಂದರವನ್ನೂ ಆರ್ಚ್ ಮೋಟರ್ಸ್ ಎಂಬ ಇಂಗ್ಲಿಷ್ ಸಂಸ್ಥೆ ಹಲವು ದಶಕಗಳ ಕಾಲ ಮಾಡಿಕೊಟ್ಟಿತು. ಕಾರಿನ ಮೇಲೆ ಹೆಸರಿಲ್ಲದ ಇಂತಹ ಕೈಗಳ ನಿರಂತರತೆಯೇ ಒಂದು ತಯಾರಿಕೆಯ ಗುಣವನ್ನು ಕಾಯುತ್ತದೆ.

ಈ ಐದು ಅಳತೆಗೋಲುಗಳನ್ನು ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ಬಿಡಿಭಾಗಗಳಾಗಿ ಮಾರಾಟವಾಗುವ ಕಾರಿನಲ್ಲಿ ಅರ್ಧ ನಿರ್ಮಾಣ ತಯಾರಕನದು, ಅರ್ಧ ಕೊಂಡವನದು. ಒಂದೇ ಫ್ಯಾಕ್ಟರಿ ಫೈವ್ ಪೆಟ್ಟಿಗೆಗಳಿಂದ ಒಬ್ಬ ತಾಳ್ಮೆಯ ಮನುಷ್ಯ ಅತ್ಯುತ್ತಮ ಕಾರನ್ನು ಕಟ್ಟಬಹುದು. ಅವಸರದವನು ಅಪಾಯಕಾರಿ ಕಾರನ್ನೂ ಕಟ್ಟಬಹುದು. ಅಂತಹ ಕಾರನ್ನು ಕಾರ್ಖಾನೆಯಲ್ಲೇ ಜೋಡಣೆಯಾದ ಸೂಪರ್‌ಫಾರ್ಮನ್ಸ್ ಕಾರಿನ ಪಕ್ಕದಲ್ಲಿ ನಿಲ್ಲಿಸಿ ಬಾಗಿಲಿನ ಸಂದುಗಳನ್ನು ಹೋಲಿಸಿದರೆ, ನಾವು ಇಬ್ಬರು ತಯಾರಕರನ್ನು ಹೋಲಿಸುತ್ತಿಲ್ಲ. ಒಬ್ಬ ತಯಾರಕನನ್ನೂ ಒಬ್ಬ ಗಿರಾಕಿಯನ್ನೂ ಹೋಲಿಸುತ್ತಿದ್ದೇವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಂಪನಿಯ ಹೆಸರಿಗಿಂತ ಕಟ್ಟಿದವನ ಹೆಸರನ್ನೂ ಅವನು ಇಟ್ಟ ಚಿತ್ರಗಳನ್ನೂ ರಸೀದಿಗಳನ್ನೂ ಮೊದಲು ಕೇಳಬೇಕು.

ಕೊಳ್ಳುವವನೊಬ್ಬನ ಎಚ್ಚರಿಕೆಯನ್ನೇ ನೆಚ್ಚಿಕೊಳ್ಳಲಾಗದೆಂದು ಸರಕಾರಗಳೂ ಅರಿತಿವೆ. ಬ್ರಿಟನ್ನಿನಲ್ಲಿ 1998ರಿಂದ ಇಂತಹ ಕಾರುಗಳನ್ನು ಒಂದೊಂದಾಗಿ ಪರೀಕ್ಷಿಸಿ ರಸ್ತೆಗೆ ಬಿಡುವ ಪದ್ಧತಿ ಬಂತು. 2009ರಲ್ಲಿ ಅದನ್ನು ಇನ್ನಷ್ಟು ಕಟ್ಟುನಿಟ್ಟು ಮಾಡಲಾಯಿತು. ಬ್ರೇಕು, ಸ್ಟಿಯರಿಂಗು ಮಾತ್ರವಲ್ಲ, ಪಾದಚಾರಿಗೆ ತಾಗಿದರೆ ಗಾಯಮಾಡುವ ಚೂಪು ಅಂಚುಗಳಿವೆಯೇ ಎಂಬುದನ್ನೂ ಅಲ್ಲಿ ನೋಡುತ್ತಾರೆ. ಅಮೆರಿಕದಲ್ಲಿ 2015ರ ಕಾಯಿದೆಯ ಪ್ರಕಾರ ಸಣ್ಣ ತಯಾರಕರು ಕನಿಷ್ಠ 25 ವರ್ಷ ಹಿಂದಿನ ಕಾರನ್ನು ಹೋಲುವ ಪ್ರತಿಕೃತಿಗಳನ್ನು ವರ್ಷಕ್ಕೆ 325ರವರೆಗೆ ಪೂರ್ಣ ಕಾರುಗಳಾಗಿ ಮಾರಬಹುದು. ಅದಕ್ಕೂ ಮೂಲದ ಹಕ್ಕುದಾರರ ಅನುಮತಿ ಬೇಕು. ಫೆರಾರಿ ಕಾರುಗಳ ರೂಪವನ್ನು ನಕಲು ಮಾಡಿ ಮಾರುತ್ತಿದ್ದ ಅಮೆರಿಕದ ತಯಾರಕನೊಬ್ಬನ ವಿರುದ್ಧ ಅಲ್ಲಿಯ ಮೇಲ್ಮನವಿ ನ್ಯಾಯಾಲಯ 1991ರಲ್ಲಿ ತೀರ್ಪು ನೀಡಿತು.

ನಮ್ಮ ದೇಶದಲ್ಲಿ ನಿಯಮ ಇನ್ನೂ ಬಿಗಿ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ಹಳೆಯ ಕಾರಿಗೆ ಪ್ಲಾಸ್ಟಿಕ್ಕಿನ ಹೊಸ ಮೈ ತೊಡಿಸಿ ರಸ್ತೆಗಿಳಿಸಬೇಕೆಂದು ಯೋಚಿಸುತ್ತಿರುವ ತರುಣರು ಇದನ್ನು ಗಮನದಲ್ಲಿಡಬೇಕು. ಪೋಷಕರು ದುಡ್ಡು ಕೊಡುವುದಕ್ಕೆ ಮೊದಲೇ ಇದನ್ನು ಕೇಳಬೇಕು. ಅಪಘಾತವಾದಾಗ ವಿಮೆಯ ಪ್ರಶ್ನೆಯೂ ಇದರೊಡನೆ ಬರುತ್ತದೆ.

ಸಣ್ಣ ಪ್ರಮಾಣದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಪ್ರಯತ್ನಗಳು ನಮ್ಮಲ್ಲಿ ನಡೆಯಲೇ ಇಲ್ಲವೆಂದಲ್ಲ. ಬೆಂಗಳೂರಿನ ಸ್ಯಾನ್ ಎಂಜಿನಿಯರಿಂಗ್ ಸಮೂಹದವರು 1998ರ ಸುಮಾರಿಗೆ ಗೋವೆಯಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಇಬ್ಬರು ಕೂರುವ ಕಾರನ್ನು ತಯಾರಿಸಿದರು. ಅದಕ್ಕೆ ಫೈಬರ್‌ಗ್ಲಾಸ್ ಮೈ, ರೆನೊ ಕಂಪನಿಯ 1.2 ಲೀಟರ್ ಎಂಜಿನ್. ಅದು ಯಾವುದರ ಪ್ರತಿಕೃತಿಯೂ ಅಲ್ಲ. ಮಹಾರಾಷ್ಟ್ರದ ಅಲಿಬಾಗಿನ ಚಿಂಕಾರಾ ಮೋಟರ್ಸ್ ಲೋಟಸ್ ಸೆವೆನ್‌ನ ಮಾದರಿಯಲ್ಲಿ ಒಂದು ಕಾರನ್ನು ಮಾಡಿತು. ಅದರ ಎಂಜಿನ್ ನಮ್ಮ ಅಂಬಾಸಡರ್ ಕಾರಿನಲ್ಲಿದ್ದ ಇಸುಜು 1.8 ಲೀಟರ್ ಎಂಜಿನ್. ಇಲ್ಲಿ ಸಿಗುವ ಎಂಜಿನ್ನು, ಇಲ್ಲಿ ದುರಸ್ತಿ ಮಾಡಬಲ್ಲ ಮೈ: ಈ ಎರಡು ಆಯ್ಕೆಗಳು ವಿವೇಕದವು. ಬಿಡಿಭಾಗ ಸಿಗದೆ ಶೆಡ್ಡಿನಲ್ಲಿ ಧೂಳು ಹಿಡಿಯುವ ಕಾರಿನ ಗುಣ ಎಷ್ಟಿದ್ದರೇನು?

ಆದರೆ ನಿರ್ಮಾಣದ ಶಿಸ್ತಿಗೆ ಉತ್ತಮ ಉದಾಹರಣೆಯನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಚೆಟ್ಟಿಪಾಳಯದ ಪಥ ಯಾರ ಹೆಸರನ್ನು ಹೊತ್ತಿದೆಯೋ ಆ ಕೊಯಮತ್ತೂರಿನ ಎಸ್. ಕರಿವರ್ಧನ್, 1980ರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ಓಟದ ಕಾರನ್ನು ರೂಪಿಸಿದರು. ವಿದೇಶದ ಓಟದ ಕಾರುಗಳ ಆಕಾರ. ಎಂಜಿನ್ ಮಾತ್ರ ನಮ್ಮ ಮನೆಮನೆಯ ಮಾರುತಿ 800ರ 796 ಸಿ.ಸಿ. ಎಂಜಿನ್. ಅಲ್ಲಿಯವರೆಗೆ ಓಟವೆಂದರೆ ಹೆಚ್ಚು ಹಣವಿದ್ದವನ ಕಾರು ಮುಂದೆ ಹೋಗುವುದೆಂದೇ ಆಗಿತ್ತು. ಎಲ್ಲರಿಗೂ ಒಂದೇ ಬಗೆಯ ಕಾರನ್ನು ಕೊಟ್ಟರೆ ಚಾಲಕನ ಕೌಶಲ ಕಾಣುತ್ತದೆ ಎಂಬುದು ಈ ಪದ್ಧತಿಯ ತಿರುಳು. ಆದರೆ ಅದು ನಡೆಯಬೇಕಾದರೆ ಎಲ್ಲ ಕಾರುಗಳೂ ನಿಜವಾಗಿ ಒಂದೇ ಆಗಿರಬೇಕು. ಒಂದರ ಹಂದರ ಗಟ್ಟಿ, ಇನ್ನೊಂದರದು ಸಡಿಲ ಎಂದಾದರೆ ಆಟವೇ ಕೆಡುತ್ತದೆ. ನಾನು ಹೇಳಿದ ಐದನೆಯ ಅಳತೆಗೋಲು ಇದೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಈ ಕಾರುಗಳಲ್ಲಿ ಪಳಗಿದವರಲ್ಲೊಬ್ಬರಾದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ಓಟಕ್ಕೆ ಇಳಿದ ಮೊದಲ ಭಾರತೀಯರಾದರು.

ಓಟದ ಪಥ ನಿರ್ಮಾಣ ಗುಣದ ಕಟ್ಟುನಿಟ್ಟಾದ ಪರೀಕ್ಷಕ. ಪ್ರದರ್ಶನದಲ್ಲಿ ಕಾರು ನಿಂತಿರುತ್ತದೆ. ಪಥದಲ್ಲಿ ಅದು ಅಲುಗುತ್ತದೆ, ಕಾಯುತ್ತದೆ, ತಿರುಚಿಕೊಳ್ಳುತ್ತದೆ. ಹತ್ತು ಸುತ್ತುಗಳ ಅನಂತರ ಬೋಲ್ಟುಗಳು ಸಡಿಲವಾದ ಕಾರು ತನ್ನ ಗುಟ್ಟನ್ನು ತಾನೇ ಹೇಳುತ್ತದೆ. ವೇಗದ ಹಂಬಲವಿರುವ ನಮ್ಮ ತರುಣರಿಗೆ ಪೊಳ್ಳಾಚಿ ರಸ್ತೆಗಿಂತ ಅಂತಹ ಪಥವೇ ಯೋಗ್ಯ ಸ್ಥಳ. ಅಲ್ಲಿ ಹೆಲ್ಮೆಟ್ಟು ಕಡ್ಡಾಯ, ತಪಾಸಣೆ ಕಡ್ಡಾಯ, ಎದುರಿನಿಂದ ಟೊಮೆಟೊ ತುಂಬಿದ ಲಾರಿ ಬರುವುದಿಲ್ಲ.

ಕೊನೆಯದಾಗಿ ಪ್ರಾಮಾಣಿಕತೆಯ ಬಗ್ಗೆ ಒಂದೆರಡು ಮಾತು. ತನ್ನನ್ನು ಪ್ರತಿಕೃತಿಯೆಂದು ಹೇಳಿಕೊಳ್ಳುವ ಪ್ರತಿಕೃತಿಯಲ್ಲಿ ಅವಮಾನಕರವಾದುದು ಏನೂ ಇಲ್ಲ. ಅದರ ತಟ್ಟೆಯ ಮೇಲೆ ಕಟ್ಟಿದವನ ಹೆಸರು, ಕಟ್ಟಿದ ವರ್ಷ, ಹಂದರದ ಸಂಖ್ಯೆ ಸ್ಪಷ್ಟವಾಗಿದ್ದರೆ ಅದು ಗೌರವದ ವಸ್ತು. ಮೂಲದ ಹೆಸರನ್ನು ಅಂಟಿಸಿಕೊಂಡು ಮೂಲವೆಂದು ಮಾರಾಟವಾಗುವುದು ವಂಚನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕೊಯಮತ್ತೂರು ಪ್ರಾಂತದ ಅನೇಕ ಕಸುಬುಗಳು ನೋಡಿ ಕಲಿತು ಬೆಳೆದವು. ಹೊರಗಿನಿಂದ ಬಂದ ಪಂಪನ್ನೋ ಮೋಟಾರನ್ನೋ ಬಿಚ್ಚಿ, ಅಳೆದು, ಮರಳಿ ಮಾಡಿ, ಕ್ರಮೇಣ ಅದಕ್ಕಿಂತ ಒಳ್ಳೆಯದನ್ನು ಮಾಡಿದವರ ನಾಡು ಇದು. ರೂಪವನ್ನು ಮಾತ್ರ ನೋಡಿದವರು ಅಲ್ಲಿಯೇ ನಿಂತರು. ಅದು ಹಾಗೇಕಿದೆ ಎಂದು ಕೇಳಿದವರು ಮುಂದೆ ಹೋದರು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ನಿಮ್ಮಲ್ಲಿ ಶೆಡ್ಡು, ಕಾರ್ಖಾನೆ ನಡೆಸುವವರು ವರ್ಷಕ್ಕೊಂದು ದಿನ ಶಾಲೆಯ ದೊಡ್ಡ ತರಗತಿಗಳ ಮಕ್ಕಳನ್ನು ಬರಮಾಡಿಕೊಳ್ಳಿರಿ. ಹೊಳೆಯುವ ವಸ್ತುವನ್ನು ತೋರಿಸುವುದಕ್ಕೆ ಮೊದಲು, ತಪಾಸಣೆಯಲ್ಲಿ ಹಿಂದಕ್ಕೆ ಬಂದ ಎರಕವನ್ನು, ಬಿರುಕು ಬಿಟ್ಟ ಬೆಸುಗೆಯನ್ನು ಅವರ ಕೈಗೆ ಕೊಡಿರಿ. ಕಾರಣವನ್ನು ಕನ್ನಡದಲ್ಲಿಯೇ ವಿವರಿಸಿರಿ. ಹಂದರ, ಬೆಸುಗೆ, ಅಚ್ಚು, ಎರಕ, ಸಂದು, ಕೀಲು: ಈ ಉಪನ್ಯಾಸಕ್ಕೆ ಬೇಕಾದ ಮಾತುಗಳಲ್ಲಿ ಹೆಚ್ಚಿನವು ನಮ್ಮ ಭಾಷೆಯಲ್ಲಿ ಮೊದಲೇ ಇದ್ದವು. ಕನ್ನಡದಲ್ಲಿ ಓದಿದ ಮಗು ಯಂತ್ರದ ಮುಂದೆ ಹಿಂಜರಿಯಬೇಕಾದ ಕಾರಣವಿಲ್ಲ. ಅದಕ್ಕೆ ಅಳೆಯುವ ಕಣ್ಣು ಬೇಕು, ಕೇಳುವ ಧೈರ್ಯ ಬೇಕು.